ಅಕ್ಕನ ಮೊಣಕಾಲು ನೋವು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆ ಬೀದರ ಜಿಲ್ಲೆಯ ಎಕಂಬಾ ಎಂಬ ಹಳ್ಳಿಯಲ್ಲಿತ್ತು. ಮನೆಯ ಹಿಂದೆ ಒಂದು ಬೇವಿನ ಮರ. ಪಂಚಮಿ ಹಬ್ಬಕ್ಕೆ ಅಪ್ಪ ಅದರ ದಪ್ಪ ಟೊಂಗೆಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿಕೊಡುತ್ತಿದ್ದ. ಹಬ್ಬ ಮುಗಿದರೂ ಹಗ್ಗ ಬಿಚ್ಚಲು ನಾವು ಬಿಡುತ್ತಿರಲಿಲ್ಲ. ಆ ವರ್ಷ ಹಬ್ಬದ ಮರುದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಹೆಸರಿನ ಹೊಲದ ಹಸಿ ವಾಸನೆ ಅಂಗಳದ ತನಕ ಬರುತ್ತಿತ್ತು. ಕಪ್ಪು ಮಣ್ಣು ಅಂಗಾಲಿಗೆ ಮೆತ್ತಿ ಚಪ್ಪಲಿಯ ಹಾಗೆ ದಪ್ಪಗಾಗಿತ್ತು. ನನ್ನ ಜೇಬಿನಲ್ಲಿ ಹಬ್ಬದ ಅಳ್ಳು, ಅಂದರೆ ಹುರಿದು ಅರಳಿಸಿದ ಜೋಳ, ಇನ್ನೂ ಒಂದು ಹಿಡಿ ಉಳಿದಿತ್ತು.

ಅಕ್ಕ ಜೋಕಾಲಿಯ ಹಲಗೆಯ ಮೇಲೆ ನಿಂತು ಜೀಕುತ್ತಿದ್ದಳು. ನಾನು ಅವಳ ಕಾಲುಗಳ ನಡುವೆ ಕುಳಿತಿದ್ದೆ. ಅವಳು ಮೊಣಕಾಲು ಮಡಿಸಿ ಚಾಚಿದಾಗಲೆಲ್ಲ ನಾವು ಇನ್ನಷ್ಟು ಮೇಲೆ ಹೋಗುತ್ತಿದ್ದೆವು. ಬೇವಿನ ಎಲೆಗಳಿಂದ ನೀರು ಮುಖಕ್ಕೆ ಸಿಡಿಯುತ್ತಿತ್ತು. ಅವ್ವ ಹಿತ್ತಲ ಬಾಗಿಲಿಗೆ ಬಂದು ಕೂಗಿದಳು.

"ಏ, ದೊಡ್ಡಾಕಿ ಆಗೀದಿ! ಲಂಗ ಹಾರಸ್ಕೋತ ಹ್ಯಾಂಗ ಜೀಕ್ತೀದಿ ನೋಡು. ಇಳಿ ಕೆಳಗ!"

"ಇದೊಂದ ಸಲ ಯವ್ವಾ! ಇಳದ ಮ್ಯಾಲ ರೊಟ್ಟಿ ನಾನೇ ಬಡೀತೇನಿ."

"ನೀ ಬಡಿದ ರೊಟ್ಟಿ ನಿಮ್ಮಪ್ಪನೂ ತಿನ್ನಲ್ಲ, ಎತ್ತೂ ತಿನ್ನಲ್ಲ."

ಅಕ್ಕ ನಕ್ಕು ಇನ್ನೂ ಜೋರಾಗಿ ಜೀಕಿದಳು. ಆ ಸಂಜೆ ರೊಟ್ಟಿಯನ್ನು ಅವಳೇ ಬಡಿದಳು. ಒಂದೂ ದುಂಡಗೆ ಬರಲಿಲ್ಲ. ಅಪ್ಪ ಎಲ್ಲವನ್ನೂ ತಿಂದ. ಅದು ನಮ್ಮ ಮನೆಯ ಮಾಮೂಲಿ ದಿನಗಳಲ್ಲಿ ಕೊನೆಯದು.

ಮರುದಿನ ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಬಲ ಮೊಣಕಾಲು ಬಾತು ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಹೊದಿಕೆಯ ಭಾರವನ್ನೂ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಮೈಯಲ್ಲಿ ಜ್ವರವೂ ಇತ್ತು. ಅವ್ವ ಎಲ್ಲ ತಪ್ಪನ್ನೂ ಜೋಕಾಲಿಯ ಮೇಲೆ ಹಾಕಿದಳು. ಅಪ್ಪ ಹೋಗಿ ಹಗ್ಗ ಬಿಚ್ಚಿದ.

ನಮ್ಮ ಕಡೆ ಆಗ ಯಾವ ಕಾಯಿಲೆಗೆ ಯಾರ ಬಳಿ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಾವು ಅಂದುಕೊಂಡಿದ್ದೆವು. ಎಲುಬು ಉಳುಕಿದರೆ, ಮುರಿದರೆ ಡಾಬಕಾ ಊರಿನ ಮುತ್ಯಾ, ಎಲುಬು ಕಟ್ಟುವ ಅಜ್ಜ. ಜ್ವರ, ಕೆಮ್ಮು, ವಾಂತಿಗೆ ಭಾಲ್ಕಿಯ ಡಾಕ್ಟರ್. ಹೆರಿಗೆ ಕಷ್ಟವಾದರೆ ಬೀದರಿನ ಲೇಡಿ ಡಾಕ್ಟರ್. ದನಕ್ಕೆ ರೋಗ ಬಂದರೆ ಔರಾದದ ದನದ ಡಾಕ್ಟರ್. ಮೈಯಲ್ಲಿ ಯಾವ ಜಾಗ ನೋಯುತ್ತದೋ ಕಾಯಿಲೆ ಅಲ್ಲಿಯೇ ಇರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಕ್ಕನಿಗೆ ನೋಯುತ್ತಿದ್ದದ್ದು ಮೊಣಕಾಲು. ಆದ್ದರಿಂದ ಅಪ್ಪ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹರವಿ, ಡಾಬಕಾಕ್ಕೆ ಹೊರಟ.

ಮುತ್ಯಾ ಒಳ್ಳೆಯ ಮನುಷ್ಯ. ಬಾಯಿತುಂಬ ಎಲೆಯಡಿಕೆ, ಮಾತಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅಕ್ಕನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಒತ್ತಿ ನೋಡಿದ.

"ಕಾಯ್ ಝಾಲಂ ಪೋರಿ? ಏನಾತು ಹುಡುಗಿ? ಮಂಗ್ಯಾನ ಹಾಂಗ ಗಿಡ ಹತ್ತಿದ್ದೇನ?"

"ಮಂಗ್ಯಾ ಇಲ್ಲಿ ಕುಂತಾಳ ನೋಡ್ರಿ," ಎಂದು ಅಕ್ಕ ನನ್ನನ್ನು ತೋರಿಸಿದಳು. ಅಷ್ಟು ನೋವಿನಲ್ಲೂ ನನ್ನನ್ನು ರೇಗಿಸುವುದು ಬಿಡಲಿಲ್ಲ.

ಮುತ್ಯಾ ಮೊಟ್ಟೆಯ ಬಿಳಿ, ಸುಣ್ಣ, ಯಾವುದೋ ಸೊಪ್ಪಿನ ರಸ ಕಲಸಿ ಹಚ್ಚಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿದ. ಕೆಲವು ದಿನಗಳಲ್ಲಿ ಮೊಣಕಾಲಿನ ನೋವು ಇಳಿಯಿತು. ಅವ್ವ ಮುತ್ಯಾನ ಊರಿನ ದಿಕ್ಕಿಗೆ ಕೈ ಮುಗಿದಳು. ಆದರೆ ನೋವು ಎಡಗಾಲಿನ ಹಿಂಬಡಕ್ಕೆ, ಅಂದರೆ ಹಿಮ್ಮಡಿಗೆ, ಬಂದಿತ್ತು. ಅದು ಹೋಗುವಷ್ಟರಲ್ಲಿ ಮುಂಗೈಗೆ ಬಂತು. "ಅವ್ವಾ, ನೋವು ನನ್ನ ಮೈಯಾಗ ಮನಿಯಿಂದ ಮನಿಗಿ ತಿರಗ್ಲಾಕತ್ತದ. ಬಾಡಿಗಿ ಮನಿ ಹುಡುಕ್ತದೇನೋ," ಎನ್ನುತ್ತಿದ್ದಳು ಅಕ್ಕ. ಅವ್ವ ನಗಲಿಲ್ಲ. ಜ್ವರ ಬಿಟ್ಟಿರಲಿಲ್ಲ.

ಜ್ವರವೆಂದರೆ ಭಾಲ್ಕಿ. ಅಲ್ಲಿ ಅವ್ವನ ತವರುಮನೆಯೂ ಇತ್ತು. ಔರಾದದಿಂದ ಬಸ್ಸು ಹಿಡಿದು ಹೋದೆವು. ಮಾವ, ಅಂದರೆ ಅವ್ವನ ಅಣ್ಣ, ನಮ್ಮನ್ನು ಡಾಕ್ಟರ ಬಳಿ ಕರೆದುಕೊಂಡು ಹೋದ. ವಯಸ್ಸಾದ ಡಾಕ್ಟರು, ಬಿಳಿ ಧೋತರ, ಮೇಲೆ ಕೋಟು. ದವಾಖಾನೆಯ ತುಂಬ ಸ್ಪಿರಿಟ್ಟಿನ ಖಾರವಾದ ವಾಸನೆ. ಅವರು ಅಕ್ಕನ ನಾಡಿ ಹಿಡಿದರು, ನಾಲಿಗೆ ನೋಡಿದರು, ಬಾತ ಹಿಂಬಡ ನೋಡಿದರು. ಮತ್ತೊಮ್ಮೆ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ಆಮೇಲೆ ಕೊರಳಲ್ಲಿದ್ದ ಸ್ಟೆಥಸ್ಕೋಪನ್ನು ಕಿವಿಗೆ ಹಾಕಿಕೊಂಡರು.

"ಜರಾ ಎದಿ ನೋಡ್ತೀನವ್ವ," ಎಂದರು.

ಅವ್ವ ತಟ್ಟನೆ ತನ್ನ ಸೆರಗನ್ನು ಅಕ್ಕನ ಎದೆಯ ಮೇಲೆ ಎಳೆದಳು. "ಬ್ಯಾಡ್ರಿ. ದೊಡ್ಡಾಕಿ ಆಗ್ಯಾಳ ಆಕಿ. ನೋವು ಕಾಲಾಗ ಅದರಿ, ಎದ್ಯಾಗ ಏನೂ ಇಲ್ಲ."

ಡಾಕ್ಟರು ಮಾವನ ಮುಖ ನೋಡಿದರು. ಮಾವ ನೆಲ ನೋಡಿದ. ಅಪ್ಪ ಬಾಗಿಲಾಚೆ ನಿಂತಿದ್ದ. ಅದು ಹಾಗೇ ಇತ್ತು ಮಕ್ಕಳೇ. ದೊಡ್ಡವಳಾದ ಹುಡುಗಿಯ ಕೈ ಹಿಡಿದು ನಾಡಿ ನೋಡಬಹುದಿತ್ತು. ಅದಕ್ಕಿಂತ ಹೆಚ್ಚು ಗಂಡಸು ಡಾಕ್ಟರು ಕೇಳುತ್ತಿರಲಿಲ್ಲ, ಮನೆಯವರು ಕೊಡುತ್ತಿರಲಿಲ್ಲ. ಡಾಕ್ಟರು ಸ್ಟೆಥಸ್ಕೋಪನ್ನು ಮಡಚಿ ಮೇಜಿನ ಮೇಲೆ ಇಟ್ಟರು. ಜ್ವರದ ಗುಳಿಗೆ, ಹಚ್ಚಲು ಎಣ್ಣೆ ಕೊಟ್ಟರು. ಹೊರಡುವಾಗ ಅಪ್ಪನನ್ನು ಕರೆದು ಹೇಳಿದರು.

"ಬೀದರದಾಗ ಲೇಡಿ ಡಾಕ್ಟರ್ ಅದಾರ. ಅವರಿಗರ ಒಮ್ಮಿ ತೋರಸ್ರಿ. ತಡಾ ಮಾಡಬ್ಯಾಡ್ರಿ."

ಅಪ್ಪ ತಲೆ ಆಡಿಸಿದ. ಬಸ್ಸಿನಲ್ಲಿ ಅವ್ವ ಅಪ್ಪನ ಕಿವಿಯಲ್ಲಿ ಸಿಟ್ಟಿನಿಂದ ಹೇಳಿದ್ದು ನನಗೆ ಕೇಳಿಸಿತು.

"ಲೇಡಿ ಡಾಕ್ಟರ್ ಅಂತ! ಆಕಿ ಹಡಿಯೋರನ್ನ ನೋಡಾಕಿ. ಮದಿವಿ ಆಗದ ಹುಡುಗೀನ ಅಲ್ಲಿಗಿ ಕರಕೊಂಡು ಹೋದ್ರ ಮಂದಿ ಏನಂತಾರ? ನಾಳಿ ಆಕಿಗಿ ವರ ಸಿಗತಾನೇನ?"

ಅಪ್ಪ ಕಿಟಕಿಯಾಚೆ ನೋಡುತ್ತ ಕುಳಿತ. ಹೀಗೆ ಅಕ್ಕನ ಎದೆಯನ್ನು ಗಂಡಸು ಡಾಕ್ಟರು ಕೇಳುವಂತಿರಲಿಲ್ಲ, ಹೆಂಗಸು ಡಾಕ್ಟರ ಬಳಿ ನಾವು ಹೋಗುವಂತಿರಲಿಲ್ಲ.

ಆಮೇಲೆ ಕೀಲುಗಳ ನೋವು ತಾನಾಗಿಯೇ ಹೋಯಿತು. ಬಾವು ಇಳಿಯಿತು, ಜ್ವರವೂ ಬಿಟ್ಟಿತು. ಅವ್ವ ಅಕ್ಕನ ಹಣೆಗೆ ವಿಭೂತಿ ಹಚ್ಚಿ, ಓಣಿಗೆಲ್ಲ ಸಕ್ಕರೆ ಹಂಚಿದಳು. ಅಕ್ಕ ಗುಣವಾಗಿದ್ದಾಳೆ ಎಂದು ನಾವೆಲ್ಲ ನಂಬಿದೆವು. ಅವಳೂ ನಂಬಿದ್ದಳು. ಆದರೆ ಬಾವಿಯಿಂದ ಕೊಡ ತರುವಾಗ ದಾರಿಯಲ್ಲಿ ಇಳಿಸಿ ನಿಲ್ಲುತ್ತಿದ್ದಳು. ಮೆಟ್ಟಿಲು ಹತ್ತಿದರೆ ಅವಳ ಕೊರಳ ಪಕ್ಕ ಒಂದು ನರ ಪಟಪಟ ಬಡಿದುಕೊಳ್ಳುವುದು ಕಾಣುತ್ತಿತ್ತು. ಮಲಗಿದರೆ ಉಸಿರು ಸಾಲದು ಎಂದು ಕೌದಿಗಳನ್ನು ಒಟ್ಟಿ ಅದಕ್ಕೆ ಒರಗಿ ಮಲಗುತ್ತಿದ್ದಳು. "ಸುಸ್ತು" ಎಂದಳು. ಅವ್ವ ಹಾಲು, ತುಪ್ಪ, ಬೆಲ್ಲ ಹೆಚ್ಚು ಮಾಡಿದಳು. ಸುಸ್ತಿಗೆ ಡಾಕ್ಟರ್ ಇರುತ್ತಾರೆ ಎಂದು ಯಾರಿಗೂ ಹೊಳೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಪಾದಗಳು ಬಾತುಕೊಂಡವು. ಆಗ ಅಪ್ಪ ಮೊದಲ ಸಲ ಅವ್ವನ ಮಾತು ಮೀರಿದ.

"ಮಂದಿ ಏನರ ಅನ್ನಲಿ. ನಾಳಿ ಬೀದರಕ್ಕ ಹೋಗೂದು," ಎಂದ.

ಆ ದಿನ ನನಗೆ ಈಗಲೂ ನೆನಪಿದೆ. ಚಳಿ ಶುರುವಾಗಿತ್ತು. ಬಸ್ಸಿನ ಕಿಟಕಿಯಿಂದ ತಣ್ಣನೆ ಗಾಳಿ. ಬೀದರ ಹತ್ತಿರವಾದಂತೆ ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬಂತು. ಬಸ್ ನಿಲ್ದಾಣದಿಂದ ಅಕ್ಕನಿಗೆ ನಡೆಯಲಾಗಲಿಲ್ಲ. ಅಪ್ಪ ಟಾಂಗಾ ಮಾಡಿದ. ಚೌಬಾರಾದ ದುಂಡು ಗೋಪುರ ದಾಟಿ ಒಂದು ಓಣಿಗೆ ತಿರುಗಿದೆವು. ಕುದುರೆಯ ಬೆವರು, ಹೋಟೆಲಿನ ಚಹಾ, ಸುಟ್ಟ ರೊಟ್ಟಿ, ಎಲ್ಲ ವಾಸನೆಗಳೂ ಒಟ್ಟಿಗೆ ಬರುತ್ತಿದ್ದವು. ಅಕ್ಕ ನನ್ನ ಹೆಗಲಿಗೆ ಒರಗಿದ್ದಳು. ಅವಳು ನನ್ನ ಮೇಲೆ ಒರಗಿದ್ದು ಅದೇ ಮೊದಲು. ಯಾವಾಗಲೂ ನಾನು ಅವಳ ಮೇಲೆ ಒರಗುತ್ತಿದ್ದೆ.

ದವಾಖಾನೆಯ ಪಡಸಾಲೆಯಲ್ಲಿ ಗರ್ಭಿಣಿಯರು, ಕೂಸು ಎತ್ತಿಕೊಂಡವರು ಸಾಲಾಗಿ ಕುಳಿತಿದ್ದರು. ಯಾರಾದರೂ ಗುರುತು ಹಿಡಿದಾರು ಎಂದು ಅವ್ವ ಅಕ್ಕನ ಮುಖಕ್ಕೆ ಸೆರಗು ಮುಚ್ಚಿದಳು. ಗುರುತು ಹಿಡಿಯದಿದ್ದರೂ ಪಕ್ಕದ ಹೆಂಗಸು ಸುಮ್ಮನಿರಲಿಲ್ಲ.

"ಎಷ್ಟನೇ ತಿಂಗಳ್ರಿ?" ಎಂದು ಕೇಳಿದಳು.

"ಮದಿವಿನೇ ಆಗಿಲ್ಲ ನನ್ನ ಮಗಳದು! ಮೊಣಕಾಲು ನೋವು ಆಕಿಗಿ!" ಅವ್ವನ ದನಿ ಪಡಸಾಲೆಗೆಲ್ಲ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು.

ಅಕ್ಕ ಸೆರಗಿನೊಳಗಿಂದ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ನಾ ಮೊಣಕಾಲು ಹಡೀತೇನಿ. ನೀ ಆಡಿಸು."

ನಾನು ನಕ್ಕೆ, ಅವಳೂ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಪಕ್ಕದ ಹೆಂಗಸು ಎದ್ದು, "ಡಾಕ್ಟರಬಾಯಿ, ಈ ಹುಡುಗೀನ ಮೊದಲ ನೋಡ್ರಿ," ಎಂದು ಒಳಗೆ ಕೂಗಿದಳು. ತನ್ನ ಪಾಳಿಯನ್ನು ನಮಗೆ ಬಿಟ್ಟುಕೊಟ್ಟಳು.

ಪರದೆಯ ಹಿಂದೆ ಒಂದು ಎತ್ತರದ ಮಂಚ. ಅಪ್ಪ ಪರದೆಯ ಹೊರಗೆ ನಿಂತ. ನಾನು ಅಕ್ಕನ ಕೈ ಹಿಡಿದು ಒಳಗೇ ಉಳಿದೆ. ಡಾಕ್ಟರಬಾಯಿ ಸ್ಟೆಥಸ್ಕೋಪಿನ ಬಿಲ್ಲೆಯನ್ನು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದರು. ಅಕ್ಕನ ಎದೆಯ ಮೇಲೆ ಒಂದು ಕಡೆ ಇಟ್ಟು ಕೇಳಿದರು, ಇನ್ನೊಂದು ಕಡೆ ಇಟ್ಟು ಕೇಳಿದರು, ಬೆನ್ನಿಗೆ ಇಟ್ಟು ಕೇಳಿದರು. ಆಮೇಲೆ ಯಾರೂ ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದರು.

"ಕಾಲು ನೋವು ಬರೋಕ್ಕಿಂತ ಮೊದಲ ಇಕಿಗಿ ಗಂಟಲ ನೋವು ಬಂದಿತ್ತೇನ?"

ಅವ್ವ ಯೋಚಿಸಿದಳು. "ಗಂಟಲಾ? ಹೌದ್ರಿ, ಪಂಚಮಿ ಮೊದಲ ಬಂದಿತ್ತು. ಉಗುಳು ನುಂಗ್ಲಾಕ ಬರ್ತಿದ್ದಿಲ್ಲ. ಅರಿಶಿಣ ಹಾಲು ಕೊಟ್ಟೆ, ಹೋಯ್ತು."

ಪರದೆಯಾಚೆಯಿಂದ ಅಪ್ಪ ಕೇಳಿದ. "ಗಂಟಲಿಗೂ ಮೊಣಕಾಲಿಗೂ ಏನು ಸಂಬಂಧರಿ ಬಾಯಿ?"

ಡಾಕ್ಟರಬಾಯಿ ಅಪ್ಪನನ್ನು ಒಳಗೆ ಕರೆದು ಕೂರಿಸಿ ಹೇಳಿದರು. ಗಂಟಲಿನ ಒಂದು ಥರದ ಸೋಂಕಿಗೆ ಸರಿಯಾದ ಔಷಧ ಬೀಳದಿದ್ದರೆ, ಅದು ಹೋದ ಹಾಗೆ ಕಂಡರೂ ಕೆಲವು ಮಕ್ಕಳಲ್ಲಿ ಕೆಲವು ವಾರಗಳ ನಂತರ ಕೀಲುಗಳು ಬಾಯುತ್ತವೆ. ಕೀಲಿನ ನೋವು ಅಲ್ಲಿ ಇಲ್ಲಿ ತಿರುಗಿ ತಾನೇ ಹೋಗುತ್ತದೆ. ಆದರೆ ಅದೇ ಹೊತ್ತಿಗೆ ಕಾಯಿಲೆ ಹೃದಯಕ್ಕೂ ತಗುಲಬಹುದು. ಅಲ್ಲಿ ತಗುಲಿದ್ದು ಹಾಗೆ ಹೋಗುವುದಿಲ್ಲ.

"ನೀವು ಹೊಲಕ್ಕ ನೀರು ಬಿಡೂ ಮುಂದ ಮಡಿ ಬಾಯಿ ಮಣ್ಣಿನಿಂದ ಮುಚ್ಚಿ ನೀರು ತಿರವ್ತೀರಿಲ್ಲ? ಎದ್ಯಾಗನೂ ಅಂಥ ಸಣ್ಣ ಬಾಗಲಾ ಅದಾವ. ರಕ್ತ ಮುಂದ ಹೋದ ಮ್ಯಾಲ ಅವು ಮುಚ್ಚಬೇಕು. ಇಕಿದು ಒಂದು ಬಾಗಲಾ ಪೂರಾ ಮುಚ್ಚವಲ್ದು. ಹೋದ ರಕ್ತ ಹಿಂದ ಬರ್ಲಾಕತ್ತದ. ಅದಕ್ಕ ದಮ್ಮು, ಅದಕ್ಕ ಕಾಲು ಬಾವು. ಮೊದಲೇ ಯಾಕ ತರಲಿಲ್ಲ?"

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವ್ವನೇ ಹೇಳಿದಳು. "ನೀವು ಹೆರಿಗಿ ಡಾಕ್ಟರ್ ಅಂತ ತಿಳಕೊಂಡೀವ್ರಿ."

"ಹೆರಿಗಿನೂ ಮಾಡ್ತೇನಿ, ಎದಿನೂ ಕೇಳ್ತೇನಿ. ಯಾವ ಡಾಕ್ಟರ್ ಆದ್ರೂ ಮೊದಲ ಇಡೀ ಮೈ ಕಲೀತಾರ, ಯವ್ವಾ. ಆಮ್ಯಾಲ ಒಂದೊಂದು ಭಾಗ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ನಾ ಹೃದಯದ ಡಾಕ್ಟರ್ ಅಲ್ಲ. ಕೆಟ್ಟದ್ದು ನನಗ ಕೇಳಸ್ತದ, ಸುಧಾರ್ಸ್ಲಾಕ ಬರಲ್ಲ. ಅಂಥವರು ಹೈದರಾಬಾದಿನಾಗ ಅದಾರ. ಈಗ ಇಂಜೆಕ್ಷನ್ ಕೊಡ್ತೇನಿ. ಬಾವು ಇಳದು ಜರಾ ತಾಕತ್ತು ಬರಲಿ, ಕರಕೊಂಡು ಹೋಗ್ರಿ."

ಅಕ್ಕ ಆಮೇಲೆ ಡಾಕ್ಟರಬಾಯಿಗೆ, "ನನ್ನ ತಂಗಿಗಿ ಒಮ್ಮಿ ಕೇಳಸ್ರಿ ಬಾಯಿ. ಆಕಿಗಿ ಬಾಳ ಆಸಿ ಅದ," ಎಂದಳು. ನಾನು ಬೇಕೆಂದು ಬಾಯಿ ಬಿಟ್ಟು ಕೇಳಿರಲೇ ಇಲ್ಲ. ನನ್ನ ಕಣ್ಣು ಆ ಸ್ಟೆಥಸ್ಕೋಪಿನ ಮೇಲೇ ಇದ್ದದ್ದನ್ನು ಅವಳು ನೋಡಿದ್ದಳು. ಡಾಕ್ಟರಬಾಯಿ ಅದನ್ನು ನನ್ನ ಕಿವಿಗೆ ಹಾಕಿ, ಮೊದಲು ನನ್ನ ಎದೆಯನ್ನೇ ಕೇಳಿಸಿದರು. ಎರಡೆರಡು ಸಲ ಬಾಗಿಲು ಬಡಿದ ಹಾಗೆ ಸ್ಪಷ್ಟವಾಗಿತ್ತು. ಅಕ್ಕನ ಎದೆಯಲ್ಲಿ ಬಡಿತದ ನಡುವೆ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ 'ಸುಯ್' ಎಂಬ ಸದ್ದು ಇತ್ತು. ನನಗೆ ಅದು ಚಂದವಾಗಿ ಕೇಳಿಸಿತು.

"ಅಕ್ಕನ ಎದ್ಯಾಗ ಯಾರೋ ಊದ್ಲಾಕತ್ಯಾರ," ಎಂದೆ.

ಅಕ್ಕ ನಕ್ಕಳು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ನಾವು ಎಕಂಬಾಕ್ಕೆ ಮರಳಲಿಲ್ಲ. ದಿನವೂ ಇಂಜೆಕ್ಷನ್ ಬೇಕಿತ್ತು. ಬೀದರದ ಅಂಚಿನ ಚಿದ್ರಿಯಲ್ಲಿ ಅಪ್ಪನ ಪರಿಚಯದವರೊಬ್ಬರು ಒಂದು ಕೋಣೆ ಬಿಟ್ಟುಕೊಟ್ಟರು. ಡಾಕ್ಟರಬಾಯಿ ಅಲ್ಲಿಗೇ ಬಂದು ಹೋಗುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಕುಳಿತು ನನ್ನ ತಲೆ ಬಾಚುತ್ತಿದ್ದಳು. ಅರ್ಧ ಜಡೆ ಹೆಣೆದು ಸುಸ್ತಾಗಿ ನಿಲ್ಲಿಸುತ್ತಿದ್ದಳು. ಉಳಿದರ್ಧವನ್ನು ಅವ್ವ ಹೆಣೆಯುತ್ತಿದ್ದಳು. ಹೈದರಾಬಾದಿನಲ್ಲಿ ರಸ್ತೆ ಎಷ್ಟು ಅಗಲವಿರುತ್ತದೆ, ಅಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಹೈದರಾಬಾದ ನೋಡಿರಲಿಲ್ಲ. ಆದರೂ ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದ.

ಪಾದದ ಬಾವು ಸ್ವಲ್ಪ ಇಳಿದಿತ್ತು. ಹೊರಡುವ ಮಾತು ನಡೆದಿತ್ತು. ಒಂದು ಬೆಳಿಗ್ಗೆ ಅವ್ವ ಚಹಾ ತಂದು ಅಕ್ಕನನ್ನು ಎಬ್ಬಿಸಿದಳು. ಅಕ್ಕ ಏಳಲಿಲ್ಲ. ಡಾಕ್ಟರಬಾಯಿ ಓಡಿ ಬಂದರು, ಎದೆಯ ಮೇಲೆ ಬಿಲ್ಲೆ ಇಟ್ಟು ಬಹಳ ಹೊತ್ತು ಕೇಳಿದರು. ಅವ್ವ ಪಕ್ಕದಲ್ಲಿ ಕುಳಿತು, "ಇನ್ನೊಮ್ಮಿ ಕೇಳ್ರಿ ಬಾಯಿ, ಎಲ್ಲಿ ಬೇಕಾದ್ರೂ ಇಟ್ಟು ಕೇಳ್ರಿ," ಎನ್ನುತ್ತಿದ್ದಳು.

ಅಕ್ಕನನ್ನು ಎಕಂಬಾಕ್ಕೆ ತಂದು, ನಮ್ಮ ಹೊಲದಲ್ಲಿ, ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟೆವು. ಆ ವರ್ಷದ ಎಳ್ಳಮವಾಸ್ಯೆಗೆ ಊರೆಲ್ಲ ಹೊಲಗಳಿಗೆ ಬುತ್ತಿ ಕಟ್ಟಿಕೊಂಡು ಹೋಯಿತು. ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ.

ಅಪ್ಪ, ಅವ್ವ ಬೀದರಕ್ಕೆ ಹೋಗಲು ತಡವಾದದ್ದಕ್ಕೆ ಒಬ್ಬರನ್ನೊಬ್ಬರು ದೂರಿದ್ದನ್ನು ನಾನು ಕೇಳಲಿಲ್ಲ. ಆದರೆ ಅವ್ವ ಒಂದು ಕೆಲಸ ಹಿಡಿದಳು. ಊರಲ್ಲಿ ಯಾವ ಹುಡುಗಿಗೆ ಜ್ವರ ಬಂದರೂ, ಕರೆಯಲಿ ಬಿಡಲಿ, ಅವರ ಜೊತೆ ದವಾಖಾನೆಗೆ ಹೊರಡುತ್ತಿದ್ದಳು. ಪರದೆ ಇಲ್ಲದ ಕಡೆ ತಾನೇ ಒಂದು ಸೀರೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು. "ಎದಿ ನೋಡ್ರಿ ಡಾಕ್ಟರ, ಬೆನ್ನು ನೋಡ್ರಿ, ಎಲ್ಲಾ ನೋಡ್ರಿ," ಎನ್ನುತ್ತಿದ್ದಳು. ಕೆಲವರು ಬೈದರು, ಕೆಲವರು ನಕ್ಕರು. ಅವಳು ಬಿಡಲಿಲ್ಲ. ತಾನು ಸಾಯುವ ತನಕ ಹಾಗೆಯೇ ಹೋಗಿ ಬಂದಳು.

ಈಗ ನಾನು ಅದೇ ಚಿದ್ರಿಯಲ್ಲಿ ಮೊಮ್ಮಕ್ಕಳಾದ ನಿಮ್ಮ ಜೊತೆ ಇದ್ದೇನೆ. ನೀವು ಶಾಲೆಗೆ ಹೋಗುವ ರಸ್ತೆಯಲ್ಲಿ ಎಷ್ಟು ಬೋರ್ಡುಗಳು! ಮಕ್ಕಳ ಡಾಕ್ಟರ್, ಕಣ್ಣಿನ ಡಾಕ್ಟರ್, ಹಲ್ಲಿನ ಡಾಕ್ಟರ್. ಎಲುಬು ಕೀಲು ನೋಡುವವರು ಒಬ್ಬರು, ಕಿವಿ ಮೂಗು ಗಂಟಲು ನೋಡುವವರು ಇನ್ನೊಬ್ಬರು, ಚರ್ಮಕ್ಕೆ ಬೇರೆ, ನರಕ್ಕೆ ಬೇರೆ. ಹೃದಯದ ಡಾಕ್ಟರನ್ನು ಕಾಣಲು ಈಗ ಹೈದರಾಬಾದಿಗೆ ಹೋಗಬೇಕಾಗಿಲ್ಲ. ಯಾವ ಬೋರ್ಡಿನ ಕೆಳಗೆ ಹೋಗಬೇಕೆಂದು ತಿಳಿಯದಿದ್ದರೆ ಮೊದಲು ಎಲ್ಲವನ್ನೂ ನೋಡುವ ಸಾಮಾನ್ಯ ಡಾಕ್ಟರ ಬಳಿ ಹೋಗಬಹುದು. ಅವರು ಕೇಳಿ, ನೋಡಿ, ಸರಿಯಾದ ಬಾಗಿಲಿಗೆ ಕಳಿಸುತ್ತಾರೆ. ನೋಯುವ ಜಾಗ ಒಂದಿರಬಹುದು, ಕಾಯಿಲೆ ಇರುವ ಜಾಗ ಇನ್ನೊಂದಿರಬಹುದು. ಅದನ್ನು ಅವರು ಹೇಳಬೇಕು, ನಾವು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬಾರದು.

ಮೊನ್ನೆ ನಿಮ್ಮಲ್ಲಿ ದೊಡ್ಡವಳಿಗೆ ಗಂಟಲು ನೋವು ಬಂದಾಗ ನಾನು ಹಟ ಹಿಡಿದೆ. "ಆಯಿ, ಬರೇ ಗಂಟಲ ನೋವಿಗಿ ಇಷ್ಟ್ಯಾಕ ಅಂಜ್ತೀ?" ಎಂದು ನೀವೆಲ್ಲ ನಕ್ಕಿರಿ. ಡಾಕ್ಟರು ಅವಳ ಗಂಟಲು ನೋಡಿದರು, ಎದೆಗೆ ಸ್ಟೆಥಸ್ಕೋಪ್ ಇಟ್ಟರು. ಅವಳು ಮೊಬೈಲ್ ನೋಡುತ್ತಲೇ ಉಸಿರು ಎಳೆದು ಬಿಟ್ಟಳು. ಕೊಟ್ಟ ಗುಳಿಗೆಗಳನ್ನು, ನೋವು ಹೋದ ಮೇಲೂ ಪೂರ್ತಿ ಮುಗಿಸಬೇಕು ಎಂದು ಅವರು ಹೇಳಿದರು. ಅವಳು ಮುಗಿಸಿದಳು. ನನ್ನ ಅಂಜಿಕೆಗೆ ಕಾರಣ ಆವತ್ತು ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಿಮಗೆ ನಾನು ಆಯಿ, ಅಜ್ಜಿ. ನನಗಿಂತ ದೊಡ್ಡವಳು ಇನ್ನೊಬ್ಬಳು ಆಯಿ ನಿಮಗಿರಬೇಕಿತ್ತು. ಈ ವಯಸ್ಸಿನಲ್ಲೂ ನನ್ನನ್ನು ಹುಡುಗಿ ಎಂದು ಕರೆಯುವವಳು, ನಿಮ್ಮೆದುರು ನನ್ನನ್ನು ರೇಗಿಸುವವಳು. ಅವಳು ಇಲ್ಲ.